ಅಳಿಯ ಬಾರದ ಒಲೆ

ನಾಸಿಕ್
೯ ಡಿಸೆಂಬರ್

ಮಾನ್ಯ ಶಾಸಕರಾದ ಪಾವ್‌ಲೆನ್ ಅವರಿಗೆ,

ಗಂಡ ಎಂದು ಕರೆಯಲು ನಾಲಿಗೆ ಏಳುತ್ತಿಲ್ಲ, ಅದಕ್ಕೇ ಈ ಮರ್ಯಾದೆ. ಕನ್ನಡದಲ್ಲಿ ಬರೆಯುತ್ತಿರುವುದು ನಿಮ್ಮ ಪಿ.ಎ. ಓದಬಾರದೆಂದು. ಇಲ್ಲಿ ಕಾಲೇಜು ಓದುತ್ತ, ಸಂಜೆ ನಮ್ಮ ಹೋಟೆಲಿನಲ್ಲಿ ದೋಸೆ ಸಪ್ಲೈ ಮಾಡುತ್ತಿದ್ದಾಗ ನನ್ನ ಒಡಹುಟ್ಟಿದ ದೇವದಾಸಣ್ಣ ತಿಂಡಿ ಬೋರ್ಡು ಬರೆಯಿಸಿ ಕಲಿಸಿದ ಅಕ್ಷರ ಮರೆತಿಲ್ಲ ತಾನೇ?

ಅಪ್ಪ ತೀರಿಕೊಂಡರು. ನನ್ನನ್ನು ಹೆತ್ತವರಲ್ಲ, ಮಣಿಪುರದ ನಿಮ್ಮ ಕುಕಿ ಊರಿನ ಮುಖ್ಯಸ್ಥ ಸೊಂಗ್‌ಪಾವ್. ಹೊರಗಿನ ಹೆಣ್ಣು ಸೊಸೆಯಾಗಬೇಕಾದರೆ ಮೊದಲು ಇಲ್ಲಿಯ ಒಂದು ಮನೆಗೆ ಮಗಳಾಗಬೇಕು ಎಂದು ನಿಮ್ಮ ಹಿರಿಯರು ಹಟ ಹಿಡಿದಾಗ, ಊರೆಲ್ಲರ ಎದುರು ನನ್ನ ತಲೆ ಮುಟ್ಟಿ, ಇವಳು ನನ್ನ ಮಗಳು ಎಂದವರು. ಆ ಊರಿನ ಓಟಿನಿಂದಲೇ ನೀವು ಜಿಲ್ಲಾ ಪರಿಷತ್ತಿಗೆ ಹೋದಿರಿ, ಆಮೇಲೆ ಶಾಸಕರಾದಿರಿ. ಮೂರು ಪಕ್ಷ ಬದಲಾಯಿಸಿದಾಗಲೂ ಊರು ನಿಮ್ಮ ಬೆನ್ನಿಗೆ ನಿಂತಿತು. ಗಲಭೆಯಾದಾಗ ನನ್ನನ್ನು ನಾಸಿಕ್‌ನ ತವರಿಗೆ ಕಳಿಸಿದಿರಿ, ಸರಿ. ಆದರೆ ಎದುರಾಳಿ ನಿಮ್ಮ ಹೆಂಡತಿ ಹೊರಗಿನವಳು ಎಂದದ್ದೇ ತಡ, ವೇದಿಕೆ ಹತ್ತಿ, ಅವಳನ್ನು ಯಾರೂ ಮಗಳೆಂದು ಒಪ್ಪಿಲ್ಲ, ಆ ಮದುವೆ ಮದುವೆಯೇ ಅಲ್ಲ ಎಂದುಬಿಟ್ಟಿರಲ್ಲ! ಉಂಡ ಮನೆಗೆ ಎರಡು ಬಗೆದಿರಿ.

ಅಪ್ಪನಿಗೆ ಕ್ಯಾನ್ಸರ್ ಎಂದು ತಿಳಿದಾಗ ನಾನೇ ಕರೆಸಿಕೊಂಡು ಛತ್ರಪತಿ ಸಂಭಾಜಿನಗರದ ಆಸ್ಪತ್ರೆಗೆ ಸೇರಿಸಿದೆ. ಟಿಕೆಟ್ ಹಂಚುವವರೆಗೆ ಯಾರೂ ಪಕ್ಷ ಬಿಟ್ಟು ಹಾರಬಾರದೆಂದು ನಿಮ್ಮನ್ನೆಲ್ಲ ಇಗತಪುರಿಯ ರೆಸಾರ್ಟಿನಲ್ಲಿ ಕೂಡಿಹಾಕಿದ್ದನ್ನು ಟಿವಿಯಲ್ಲಿ ನೋಡಿದೆ. ಅಪ್ಪನ ಸ್ಥಿತಿ ತಿಳಿಸಲು ಗೇಟಿನವರೆಗೂ ಬಂದು ನಿಂತೆ. ಸಾಹೇಬರಿಗೆ ನಿಮ್ಮ ಗುರುತಿಲ್ಲವಂತೆ ಎಂದು ವಾಚ್‌ಮನ್ ಹೇಳಿ ಕಳಿಸಿದ.

ಸಾವಿನ ಮನೆಯ ಅಡುಗೆ ಅಳಿಯನದ್ದು, ಅವನು ಒಲೆ ಹೊತ್ತಿಸದೆ ಯಾರೂ ಉಣ್ಣುವುದಿಲ್ಲ ಎಂದು ನನಗೆ ಹೇಳಿಕೊಟ್ಟವರೇ ನೀವು. ಸಂಭಾಜಿನಗರದಲ್ಲಿ ಓದುವ ನಿಮ್ಮ ಕಡೆಯ ಹುಡುಗರು ಅಲ್ಲೇ ಮಣ್ಣು ಮಾಡಿ, ತಮ್ಮ ಬಾಡಿಗೆ ಮನೆಗೆ ಬಂದು ತಣ್ಣಗಿದ್ದ ಒಲೆ ನೋಡುತ್ತ ಕೂತರು. ನನ್ನ ಜೊತೆ ಬಂದಿದ್ದ, ಹೋಟೆಲಿನೊಳಗೆ ಮೊಟ್ಟೆಯನ್ನೂ ಬಿಡದ ದೇವದಾಸಣ್ಣ ಸೊಂಟಕ್ಕೆ ಬೈರಾಸು ಕಟ್ಟಿಕೊಂಡ. ಅವನಿಗೆ ಪುರುಸೊತ್ತಿಲ್ಲ ಅಲ್ವಾ, ನಾನೇ ಮಾಡ್ತೇನೆ, ಇದಕ್ಕೆ ಉಪ್ಪು ಎಷ್ಟು ಅಂತ ಮಾತ್ರ ಹೇಳಿ ಎಂದು ಮಾಂಸದ ಪಾತ್ರೆ ಒಲೆಗಿಟ್ಟ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ನಾಚಿಕೆಯಾಗಬೇಕು ನಿಮಗೆ!

ಇನ್ನು ಫೋನು ಮಾಡಬೇಡಿ.

ಮನೋರಮಾ

ತಾ.ಕ.: ವೇದಿಕೆಯ ಮೇಲೆ ನೀವು ಆಡಿದ ಮಾತು ಅಪ್ಪನಿಗೂ ಮುಟ್ಟಿತ್ತು. ಆದರೂ ಕೊನೆಯ ದಿನ ನನ್ನ ಕೈ ಹಿಡಿದು, ಅವನು ದುಡುಕಿದ, ಈ ಸಲವೂ ಅವನ ಕೈ ಬಿಡಬೇಡಿ ಅಂತ ನಾನು ಹೇಳಿದೆನೆಂದು ಊರಿಗೆ ತಿಳಿಸು ಮಗಳೇ ಎಂದರು. ಕೇಳಿಸಿಕೊಂಡವಳು ನಾನೊಬ್ಬಳೇ. ಯಾರಿಗೆ ಓಟು ಹಾಕಬೇಕೆಂದು ಊರು ಅವರ ಮಾತಿಗೇ ಕಾಯುತ್ತಿದೆ. ಮಗಳಾಗಿದ್ದರೆ ತಿಳಿಸುತ್ತಿದ್ದೆ.