ಭಾವನವರು ಮೇಜು ಕುಟ್ಟಿದ್ದು

ಮಾರ್ಚ್ ೧೪, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ಇವತ್ತು ಉಪವಾಸ. ಕಸ ಗುಡಿಸಿ, ಬಟ್ಟೆ ಒಗೆದು ಹರವಿ, ದೇವರಿಗೆ ಕೈಮುಗಿದು ಕೂತಿದ್ದೇನೆ. ಸಂಸದರ ವಸತಿಗೃಹದಲ್ಲಿ ಆಳುಗಳಿದ್ದಾರೆ, ಆದರೂ ನನ್ನ ಬಟ್ಟೆ ನಾನೇ ಒಗೆದರೆ ಸಮಾಧಾನ. ಎಂಟು ತಿಂಗಳಿಂದ ಕಾಗದ ಹಾಕಿಲ್ಲ, ಕ್ಷಮಿಸು. ನಾನು ಪಕ್ಷದಲ್ಲಿ ಭಾವನವರ ಕಡೆ ನಿಲ್ಲದೆ ನಡುವಿನ ಗುಂಪಿಗೆ ಸೇರಿದೆನೆಂದು ಅವರು ಮಾತು ಬಿಟ್ಟ ಮೇಲೆ ನಿನಗೆ ಬರೆಯಲೂ ಹೆದರಿಕೆಯಾಯಿತು.

ನಿನ್ನೆ ನಡೆದದ್ದು ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತೀಯೆ. ನಮ್ಮ ಪಕ್ಷದ ಸಂಸದರ ಸಭೆ. ಹಳ್ಳಿಗೊಬ್ಬ ದಾದಿ ಕೊಡುವ ಮಸೂದೆ. ಭಾವನವರ ಕಡೆಯವರು, "ಎಲ್ಲ ಹಳ್ಳಿಗೂ ಈ ವರ್ಷವೇ, ಇಲ್ಲದಿದ್ದರೆ ಮಸೂದೆಯೇ ಬೇಡ" ಅಂದರು. ಇನ್ನೊಂದು ಕಡೆಯವರು ಒಂದು ಹಳ್ಳಿಗೂ ಬೇಡ ಅಂದರು. ನಡುವೆ ನಾವು ಹತ್ತೊಂಬತ್ತು ಜನ: ಆಸ್ಪತ್ರೆ ದೂರವಿರುವ ಹಳ್ಳಿಗೆ ಮೊದಲು, ಉಳಿದವಕ್ಕೆ ಎರಡು ವರ್ಷದಲ್ಲಿ.

"ಇವರದು ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು" ಅಂದರು ಭಾವ.

"ಇರಲಿ ಬಿಡಿ ಭಾವ, ಎರಡು ಮನೆಗೂ ಬೆಳಕಾಯ್ತು" ಅಂದೆ.

ನಮ್ಮ ಗುಂಪಿಗೊಂದು ಕಟ್ಟುಪಾಡಿದೆ. ಯಾರನ್ನು ವಿರೋಧಿಸುತ್ತೇವೋ ಅವರ ಮಾತನ್ನು ಮೊದಲು ಅವರಿಗಿಂತ ಚೆನ್ನಾಗಿ ಹೇಳಬೇಕು. ಎದ್ದು ನಿಂತೆ. "ನೋವು ತಿನ್ನುತ್ತಾ ಗಾಡಿಯಲ್ಲಿ ಮಲಗಿದ ಬಸುರಿಗೆ, 'ಮುಂದಿನ ವರ್ಷ ಹೆರಮ್ಮ' ಅನ್ನೋಕಾಗುತ್ತಾ?" ಅಂದೆ. ಕಡತ ತಿರುವುತ್ತಿದ್ದ ಭಾವನವರು ದನಿ ಯಾರದೆಂದೂ ನೋಡದೆ, "ಭಲೇ! ಭಲೇ!" ಅಂತ ದಬದಬ ಮೇಜು ಕುಟ್ಟಿಬಿಟ್ಟರು! ತಲೆ ಎತ್ತಿದರೆ ನಾನು. ಸಭೆಯೆಲ್ಲ ಗೊಳ್ಳೆಂದಿತು.

"ಇಲ್ಲಿವರೆಗೂ ಭಾವನವರ ಮಾತು. ಇನ್ನು ನನ್ನದು. ಎಲ್ಲರಿಗೂ ಆಗಲಿಲ್ಲ ಅಂತ ಯಾರಿಗೂ ಕೊಡದೆ ಬಿಟ್ಟರೆ, ಅದೇ ಬಸುರಿಗೆ ಏನು ಹೇಳ್ತೀರಿ?"

ನಮ್ಮ ಸಲಹೆಗೆ ಕೈ ಎತ್ತುವ ಹೊತ್ತಿಗೆ ಭಾವನವರು ಕಿಟಕಿ ಕಡೆ ನೋಡುತ್ತಾ ಕೈ ಎತ್ತಿದರು. ಅವರ ಹಿಂದೆ ಅವರ ಕಡೆಯವರೆಲ್ಲ. ಗೆದ್ದೆವು ಅಕ್ಕ! ನಮ್ಮ ಗುಂಪಿನ ಹಿರಿಯ ವಕೀಲರು ಮಂಡಿನೋವು ಮರೆತು ಕುಣಿದರು. ಎಲ್ಲ ದೇವರ ದಯೆ.

ಆರೋಗ್ಯ ನೋಡಿಕೋ. ಮಕ್ಕಳನ್ನು ದೇವರು ತಣ್ಣಗಿಟ್ಟಿರಲಿ.

ನಿನ್ನ ತಂಗಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ: ನಿನ್ನ ಮಗಳ ಮದುವೆ ಆದದ್ದು ನನಗೆ ಸಂಸತ್ತಿನ ಕ್ಯಾಂಟೀನಿನಲ್ಲಿ ಗೊತ್ತಾಯಿತು. ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು. "ಚಿಕ್ಕಮ್ಮ ನೀವು, ಮದುವೆ ಜೋರಾಯ್ತಾ?" ಅಂತ ಯಾರೋ ಕೇಳಿದರು. ಜೋರಾಯ್ತು ಅಂದೆ. ದೇವರು ಆ ಸುಳ್ಳನ್ನು ಕ್ಷಮಿಸಲಿ. ಅವಳನ್ನು ನೋಡಲು ಬರಲೇ? ಒಂದೇ ಸಾಲು ಬರೆ, ಸಾಕು. ಅಂಚೆಗೆ ಹಾಕಬೇಡ. ಭಾವನವರು ಸದನದಲ್ಲಿ ನನ್ನ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅವರ ಕೈಗೇ ಕೊಡು, ಅವರೇ ತಂದುಕೊಡಲಿ.