ಮುದಿ ನಾಯಿ ಮೊದಲು, ಮರಿ ಆಮೇಲೆ

ಮಗ್ಗದ ಓಣಿ, ಬೆಟಗೇರಿ
ಫೆಬ್ರವರಿ 30, 2171

ಮಗ್ಗದ ಓಣಿಯ ಪ್ರಾಣಿದಯಾ ಸಮಿತಿಯ ಹಿರಿಯರಿಗೆ ಗುರುಸಿದ್ಧವ್ವ ಬೇವಿನಕಟ್ಟಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಬೇಸಿಗೆಯ ಕೊನೆಗೆ ರಜೆಯಾಗಿ ಬರುತ್ತವೆ. ನನ್ನ ಕನ್ನಡವೂ ನಿಮಗೆ ಎಲ್ಲೋ ಒಂದು ಕಡೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕಾಗದಗಳನ್ನು ಓದಿ ನಿಮ್ಮ ಹಾಗೆ ಬರೆಯಲು ನೋಡಿದ್ದೇನೆ. ಈ ಪತ್ರವನ್ನು ಹಿಂದಂಚೆಗೆ ಹಾಕುತ್ತೇನೆ. ಹಿಂದಂಚೆ ಎಂದರೆ ಆಗಿಹೋದವರಿಗೆ ಬರೆದದ್ದನ್ನು ಹಾಕುವ ಡಬ್ಬಿ. ತಲುಪುತ್ತದೆ ಎಂದು ಅಂಚೆಯವರು ಹೇಳುತ್ತಾರೆ. ಸಾಕ್ಷಿ ಕೇಳಿದರೆ ಮುಖ ಆ ಕಡೆ ತಿರುಗಿಸುತ್ತಾರೆ.

ನೀವು ಬರುವ ಭಾನುವಾರ ಸಭೆ ಸೇರಿ ಏಳು ನಿಯಮಗಳನ್ನು ಬರೆಯಲಿದ್ದೀರಿ. ಆ ಹಾಳೆ ನಮ್ಮ ನಾಯಿಕಟ್ಟೆಯಲ್ಲಿ ಗಾಜಿನ ಹಿಂದೆ ಇದೆ, ಮೂಲೆಯಲ್ಲಿ ಚಹಾದ ಕಲೆಯ ಸಮೇತ. ನಾಯಿಕಟ್ಟೆ ನಿಮಗೆ ಗೊತ್ತಿರಲಾರದು. ಓಣಿಗೊಂದರಂತೆ ಇರುವ ನೆರಳಿನ ಜಗುಲಿ ಅದು. ನೀರಿನ ತೊಟ್ಟಿ, ಔಷಧದ ಕಪಾಟು, ಸೂರಿನಿಂದ ಇಳಿಬಿಟ್ಟ ಒಂದು ಕಂಚಿನ ಗಂಟೆ ಅಲ್ಲಿರುತ್ತವೆ. ನಡೆಯಬಲ್ಲ ನಾಯಿಯನ್ನು ನಾವೇ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಎದ್ದು ನಿಲ್ಲಲಾರದ ನಾಯಿ ಮನೆಯಲ್ಲಿದ್ದರೆ ಗಂಟೆ ಬಾರಿಸಬೇಕು, ಪಶುವೈದ್ಯೆ ಮನೆಗೇ ಬರುತ್ತಾಳೆ. ಇದೂ ನಿಮ್ಮದೇ ನಾಲ್ಕನೆಯ ನಿಯಮ.

ಮೊದಲು ನಿಮಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ. ನಮ್ಮಲ್ಲಿ ಹುಚ್ಚುನಾಯಿ ಎಂಬುದು ಈಗ ಬೈಗುಳ ಮಾತ್ರ. ಆ ರೋಗವನ್ನು ಕಂಡವರು ಯಾರೂ ಉಳಿದಿಲ್ಲ. ಚುಚ್ಚುಮದ್ದು ಹಾಕಿಸದ ನಾಯಿ ಇಲ್ಲ, ಹೆಸರಿಲ್ಲದ ನಾಯಿ ಇಲ್ಲ, ಮಾಳಿಗೆಯ ಮೇಲೆ ಸರಪಳಿ ಬಿಗಿದು ಮರೆತುಬಿಟ್ಟ ನಾಯಿ ಇಲ್ಲ. ನಾಯಿ ಕಚ್ಚಿದರೆ ಮೊದಲು ಅದರ ಮನೆಯವರನ್ನು ಕೂರಿಸಿ ಕೇಳುತ್ತೇವೆ, ನಾಯಿಯನ್ನು ಆಮೇಲೆ. ಮಕ್ಕಳು ಕಲ್ಲೆತ್ತುವುದಿಲ್ಲ; ಕಲ್ಲು ಹೊಡೆಯುತ್ತಿದ್ದರು ಎಂದು ಶಾಲೆಯಲ್ಲಿ ಹೇಳಿದರೆ ಸುಳ್ಳು ಎನ್ನುತ್ತಾರೆ. ನಮ್ಮ ಬಿಸಿಲು ನಿಮ್ಮದಕ್ಕಿಂತ ಕೆಟ್ಟದ್ದು. ಬೆಳಗ್ಗೆ ಏಳರ ತನಕ, ಸಂಜೆ ಆರರ ನಂತರ ನೆರಳ್ಗಾಲ, ಅಂದರೆ ಬರಿಗಾಲಿನ ಪ್ರಾಣಿ ನೆಲ ಮುಟ್ಟಬಹುದಾದ ಹೊತ್ತು. ಉಳಿದ ಹೊತ್ತಿನಲ್ಲಿ ನಾಯಿ ಹೊರಗೆ ಬರಬೇಕಾದರೆ ಅಡಿಬಟ್ಟೆ ಕಟ್ಟಬೇಕು. ಆ ಅಡಿಬಟ್ಟೆ ನೇಯುವುದೇ ನನ್ನ ಕಸುಬು. ನಲವತ್ತಾರು ವರ್ಷ ಇಳಕಲ್ಲ ಸೆರಗಿನ ಬಣ್ಣದಲ್ಲಿ ನಾಯಿಯ ಪಾದಕ್ಕೆ ಬಟ್ಟೆ ನೇಯ್ದಿದ್ದೇನೆ. ನನ್ನ ಅಜ್ಜಿಯ ಅಜ್ಜಿ ಕೇಳಿದ್ದರೆ ಲಾಳಿ ಎತ್ತಿ ತಲೆಗೇ ಹೊಡೆಯುತ್ತಿದ್ದಳೇನೋ.

ಈಗ ನಿಮ್ಮ ಐದನೆಯ ನಿಯಮಕ್ಕೆ ಬರುತ್ತೇನೆ. ಮರಿ ಬೇಕೆನ್ನುವವರು ಮೊದಲು ದಿಕ್ಕಿಲ್ಲದ ಮುದಿ ನಾಯಿಯೊಂದನ್ನು ಅದರ ಕೊನೆಯುಸಿರಿನ ತನಕ ಸಾಕತಕ್ಕದ್ದು, ಆಮೇಲೆಯೇ ಮರಿ, ಎಂದು ನೀವು ಬರೆಯುವಿರಿ. ಯಾಕೆ ಬರೆಯುವಿರಿ ಎಂದೂ ನನಗೆ ಗೊತ್ತು. ಸಂತೆಯ ಹಿಂದೆ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಹನ್ನೊಂದು ಮರಿಗಳು ನಿಮಗೆ ಈ ವಾರವಷ್ಟೇ ಸಿಕ್ಕಿವೆ. ಆಟಕ್ಕೆಂದು ಮರಿ ತಂದು ಬೇಸರವಾದಾಗ ಬೀದಿಗೆ ಬಿಡುವವರನ್ನು ಕಂಡು ನೀವು ರೋಸಿಹೋಗಿದ್ದೀರಿ. ನಾಯಿಯ ಮುಪ್ಪನ್ನು ಮೊದಲು ನೋಡಿದವರು ಮರಿಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ ಎಂಬುದು ನಿಮ್ಮ ಎಣಿಕೆ. ಒಳ್ಳೆಯ ಎಣಿಕೆ. ಹೀಗೆ ಮೊದಲು ಕೊಡುವ ನಾಯಿಗೆ ನಾವು ಮುಪ್ಪುನಾಯಿ ಎನ್ನುತ್ತೇವೆ. ಸಾಕುವವರು ಸತ್ತರೆ ಅಥವಾ ಕೈಲಾಗದವರಾದರೆ, ಎಂಟು ತುಂಬಿದ ನಾಯಿಗಳೆಲ್ಲ ಮುಪ್ಪುನಾಯಿಗಳೇ. ಆಮೇಲೆ ಬಂದವರು ಇನ್ನೊಂದು ಮಾತು ಸೇರಿಸಿದರು: ನಾಯಿ ಹದಿನೈದು ವರ್ಷ ಬದುಕಬಹುದಾದ್ದರಿಂದ ಅರವತ್ತೆಂಟು ತುಂಬಿದವರಿಗೆ ಮರಿ ಇಲ್ಲ.

ನನಗೆ ಚಿಕ್ಕಂದಿನಿಂದ ಮರಿಯ ಆಸೆ. ಮಗ್ಗ ಚಿಕ್ಕಮ್ಮನಿಂದ ಬಂತು, ಮನೆ ಅಣ್ಣನಿಂದ ಬಂತು, ನನ್ನ ಪಾಲಿಗೆ ಬಂದದ್ದೆಲ್ಲ ಇನ್ನೊಬ್ಬರು ಬಳಸಿದ್ದೇ. ನನ್ನಿಂದಲೇ ಶುರುವಾಗುವ ಒಂದು ಜೀವ ಬೇಕಿತ್ತು. ಮದುವೆ, ಮಕ್ಕಳು ಆಗಲಿಲ್ಲ. ಅದರ ಬಗ್ಗೆ ನನಗೆ ದುಃಖವೇನಿಲ್ಲ, ಮರಿಯ ಬಗ್ಗೆ ಇತ್ತು. ಅರವತ್ತೆರಡನೆಯ ವಯಸ್ಸಿನಲ್ಲಿ ಕೈಬಿಡುವು ಸಿಕ್ಕಿತು, ಅರ್ಜಿ ಹಾಕಿದೆ. ನಾಯಿಕಟ್ಟೆಯ ಉಸ್ತುವಾರಿ ನೋಡುವ ನೀಲಗಂಗಪ್ಪ ಅಸುಂಡಿಯವರು ಒಂದು ಹೆಣ್ಣುನಾಯಿಯನ್ನು ತಂದು ಬಿಟ್ಟರು. ಎಲುಬಿನ ಹಂದರ, ಹೆಸರು ಮಾತ್ರ ದುಂಡವ್ವ. ಹೆಚ್ಚೆಂದರೆ ಎರಡು ವರ್ಷ ಎಂದರು.

ದುಂಡವ್ವ ಐದು ವರ್ಷ ದಾಟಿದಳು. ನಾನು ಅವಳನ್ನು ಚೆನ್ನಾಗಿ ನೋಡಿಕೊಂಡೆ, ಅದರಲ್ಲಿ ಸುಳ್ಳಿಲ್ಲ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಡುತ್ತಿದ್ದೆ, ಹಲ್ಲಿರಲಿಲ್ಲ. ನಾನು ನೇಯಲೆಂದು ಮಗ್ಗದ ಕೆಳಗಿನ ಕುಣಿಗೆ ಇಳಿದರೆ ಅವಳೂ ಅಂಚಿಗೆ ಬಂದು ಮೂತಿಯನ್ನು ನನ್ನ ಭುಜದ ಹತ್ತಿರ ಚಾಚಿ ಮಲಗುತ್ತಿದ್ದಳು. ಅವಳ ಉಸಿರಿನ ವಾಸನೆ ಕೆಟ್ಟದಾಗಿತ್ತು, ಅದು ನನಗೆ ಅಭ್ಯಾಸವಾಗಿತ್ತು. ಆದರೆ ಪ್ರತಿ ದೀಪಾವಳಿಗೆ ನನ್ನ ಎದೆಯೊಳಗೆ ಒಂದು ಮಾತು ಏಳುತ್ತಿತ್ತು: ಇನ್ನೂ ಇದ್ದಾಳಲ್ಲ. ಮೊದಲ ವರ್ಷ ಅದನ್ನು ಸಂತೋಷದಿಂದ ಅಂದುಕೊಂಡೆ. ಐದನೆಯ ವರ್ಷ ಹಾಗೆ ಇರಲಿಲ್ಲ.

ನನಗೆ ಅರವತ್ತೆಂಟು ತುಂಬಲು ಹದಿನೇಳು ದಿನ ಇತ್ತು. ಆಗ ದುಂಡವ್ವನ ಹೊಟ್ಟೆ ಉಬ್ಬಿತು. ರೊಟ್ಟಿ ಮುಟ್ಟಲಿಲ್ಲ, ಏಳಲಿಲ್ಲ. ನಾಯಿಕಟ್ಟೆ ನನ್ನ ಬಾಗಿಲಿನಿಂದ ಅರವತ್ತು ಹೆಜ್ಜೆ. ಮೊದಲ ದಿನ, ಬಿಸಿಲಿಗೆ ಹೀಗಾಗಿದೆ ಎಂದುಕೊಂಡೆ. ಎರಡನೆಯ ದಿನ, ವೈದ್ಯೆಗೆ ಯಾಕೆ ತೊಂದರೆ, ನೆರಳ್ಗಾಲಕ್ಕೆ ನೋಡೋಣ ಎಂದುಕೊಂಡೆ. ಮೂರನೆಯ ದಿನ ಏನೂ ಅಂದುಕೊಳ್ಳಲಿಲ್ಲ, ನೇಯುತ್ತ ಕೂತೆ. ಆ ದಿನ ನೇಯ್ದ ಬಟ್ಟೆಯಲ್ಲಿ ಒಂದು ಎಳೆಯೂ ತಪ್ಪಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ದೂರುವ ನೋಟವಲ್ಲ, ನಾಯಿಗಳಿಗೆ ಅದು ಬರುವುದಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಮಗ್ಗದ ಪಕ್ಕದಲ್ಲಿ ಸತ್ತಳು. ಸಾವನ್ನು ಬರೆದುಕೊಳ್ಳಲು ಆಮೇಲೆ ಬಂದ ವೈದ್ಯೆ, ಗರ್ಭಕೋಶದಲ್ಲಿ ಕೀವಾಗಿತ್ತು, ಮೊದಲ ದಿನ ಕರೆದಿದ್ದರೆ ಉಳಿಯುತ್ತಿದ್ದಳು ಎಂದು ಹೇಳಿ ಕೈ ತೊಳೆದುಕೊಂಡಳು. ಮರಿಯ ಅರ್ಜಿಯ ಕೊನೆಯಲ್ಲಿ ಒಂದೇ ಪ್ರಶ್ನೆ: ಕೈಲಾದದ್ದನ್ನೆಲ್ಲ ಮಾಡಿದಿರಾ? ಹೌದು ಎಂದು ಬರೆದು ಸಹಿ ಮಾಡಿದೆ. ನನ್ನ ಹುಟ್ಟುಹಬ್ಬಕ್ಕೆ ಮೂರು ದಿನ ಮೊದಲು ಮರಿ ಬಂತು.

ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಮೈಮೇಲೆ ದಪ್ಪ ಜಮಖಾನೆ ಹೊದಿಸಿ ಮರೆತುಬಿಟ್ಟ ಹಾಗಿದೆ. ಮರಿ ನೆಕ್ಕಿದರೆ ಕೈ ಒದ್ದೆಯಾಯಿತು ಎಂದು ತಿಳಿಯುತ್ತದೆ, ಅಷ್ಟೇ. ಅದು ಕಂದು ಬಣ್ಣದ್ದು, ಎಡಗಿವಿ ಇನ್ನೂ ನಿಂತಿಲ್ಲ. ಅರವತ್ತು ವರ್ಷ ಕಾದ ಮರಿ ತೊಡೆಯ ಮೇಲೆ ಮಲಗಿದಾಗ ನಾನು ಗೋಡೆ ನೋಡುತ್ತಿದ್ದೆ.

ಒಂದು ವಾರದ ಮೇಲೆ ನೀಲಗಂಗಪ್ಪನವರಿಗೆ ಎಲ್ಲವನ್ನೂ ಹೇಳಿ ಮರಿಯನ್ನು ಹಿಂದಕ್ಕೆ ಕೊಡಲು ಹೋದೆ. ಅವರು ತೊಟ್ಟಿ ತಿಕ್ಕುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಅಕ್ಕಾರ, ಈ ಗಂಟಿ ದನಿ ನೀವು ಯಾವಾಗ ಕೇಳೀರಿ, ಹೇಳ್ರಿ ನೋಡೂಣು?" ಎಂದರು. ನಾನು ಯೋಚಿಸಿದೆ. ಆ ಓಣಿಯಲ್ಲೇ ಹುಟ್ಟಿ ಬೆಳೆದವಳು ನಾನು. ಹಬ್ಬಕ್ಕೆ ಅದನ್ನು ಹುಣಸೆಹಣ್ಣು ಹಚ್ಚಿ ತೊಳೆಯುವುದನ್ನು ನೋಡಿದ್ದೇನೆ, ಬಾರಿಸಿದ್ದನ್ನು ಕೇಳಿದ ನೆನಪಿಲ್ಲ. "ನಾನೂ ಬಾರಿಸಿಲ್ರೀ," ಎಂದರು ಅವರು. "ನಮ್ಮ ಮನ್ಯಾಗೂ ಹುಡುಗೂರು ಮರಿ ಮರಿ ಅಂತ ಕುಂತಿದ್ವು. ಮರೀನ ಮನೀಗೆ ಕರ್ಕೊಂಡ ಹೋಗ್ರಿ. ಅದಕ್ಯಾಕ ಶಿಕ್ಷಾ?" ಹಾಗಾದರೆ ನಿಯಮ ತಿದ್ದೋಣ ಎಂದೆ. ಅವರಿಗೆ ನಿಜಕ್ಕೂ ಗಾಬರಿಯಾಯಿತು. ಗಾಜಿನ ಹಿಂದಿನ ಹಾಳೆಯ ಕಡೆ ನೋಡಿ, "ಹಿರೇರು ಬರದಿಟ್ಟದ್ದನ್ನ ತಿದ್ದಾಕ ನಾವ್ಯಾರ್ರೀ?" ಎಂದರು.

ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ. ಮುದಿ ನಾಯಿಯ ಸಾವಿನ ಹಿಂದೆ ಮರಿಯನ್ನು ನಿಲ್ಲಿಸಬೇಡಿ. ಎರಡನ್ನೂ ಒಂದೇ ದಿನ, ಒಂದೇ ಮನೆಗೆ ಕೊಡಿ. ಕೆಲಸ ಹೆಚ್ಚಾಗುತ್ತದೆ, ಹೆಚ್ಚಾಗಲಿ. ಆಗದವರು ಬಾಗಿಲಿನಿಂದಲೇ ಹಿಂದೆ ಹೋಗುತ್ತಾರೆ, ನಿಮಗೆ ಬೇಕಾದದ್ದೂ ಅದೇ. ಮರಿ ಆಗಲೇ ಮನೆಯಲ್ಲಿ ಓಡಾಡುತ್ತಿದ್ದರೆ ಮುದುಕಿ ಬದುಕಿರುವುದರಿಂದ ಯಾರಿಗೂ ಏನೂ ತಪ್ಪಿಹೋಗುವುದಿಲ್ಲ. ಎಲ್ಲಿ ಮೂತ್ರ ಮಾಡಬೇಕು, ಯಾರಿಗೆ ಬೊಗಳಬಾರದು ಎಂಬುದನ್ನು ಅವಳೇ ಅದಕ್ಕೆ ಕಲಿಸಿಯಾಳು. ಈ ಪತ್ರ ನಿಮಗೆ ತಲುಪಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದು ನನಗೂ ಹೊಳೆದಿದೆ. ಆದರೂ ಬರೆದೆ. ಬೇರೆ ದಾರಿ ಕಾಣಲಿಲ್ಲ.

ನನ್ನ ಪಾಪ ತೊಳೆದುಹೋಗಲಿ ಎಂದು ಕೇಳುತ್ತಿಲ್ಲ. ಕೇಳುತ್ತಿರುವುದು ಈ ಮರಿಗಾಗಿ. ನಮ್ಮ ಮನೆತನದಲ್ಲಿ ಎಪ್ಪತ್ತಾರು ದಾಟಿದ ಹೆಂಗಸಿಲ್ಲ. ಎಲ್ಲರ ಎದೆಯಲ್ಲೂ ನೂಲಿನ ಧೂಳು, ನನ್ನದರಲ್ಲೂ. ಲೆಕ್ಕ ಹಾಕಿದರೆ ಅಷ್ಟೊತ್ತಿಗೆ ಇದಕ್ಕೆ ಎಂಟು ತುಂಬಿರುತ್ತದೆ. ಯಾರೋ ಬಂದು ಇದರ ಕೊರಳಿಗೆ ಹಗ್ಗ ಹಾಕಿ ಇನ್ನೊಂದು ಮನೆಗೆ ಕರೆದೊಯ್ಯುತ್ತಾರೆ. ಅವರು ಕೆಟ್ಟವರಾಗಿರುವುದಿಲ್ಲ. ಬಾಗಿಲಿಗೇ ಬಂದು ಬರಮಾಡಿಕೊಳ್ಳುತ್ತಾರೆ, ತಲೆ ಸವರುತ್ತಾರೆ, ಹೊಸ ತಟ್ಟೆಯಲ್ಲಿ ಅನ್ನ ಇಡುತ್ತಾರೆ. ಅದು ಬಾಲ ಆಡಿಸುತ್ತ ಉಣ್ಣುತ್ತಿರುವಾಗ, ಕರೆತಂದವರನ್ನು ಪಕ್ಕಕ್ಕೆ ಕರೆದು, ಇದು ಇನ್ನು ಎಷ್ಟು ದಿನ ಇದ್ದೀತು ಎಂದು ಮೆಲ್ಲಗೆ ಕೇಳುತ್ತಾರೆ.

ನಾನೂ ಕೇಳಿದ್ದೆ.

ಗುರುಸಿದ್ಧವ್ವ ಬೇವಿನಕಟ್ಟಿ