ನಡೆಯೋ ಪ್ರಶ್ನೆಪತ್ರಿಕೆ ಬರೆದ ಕಾಗದ

ಫೆಬ್ರವರಿ ಮೂವತ್ತು, 2147

ಪಿಯುಸಿ ಓದ್ತಿರೋ ಮಕ್ಕಳೇ,

ಮೊದಲು ಕೆಟ್ಟ ಸುದ್ದಿ. ನಮ್ಮ ಕಾಲದಲ್ಲಿ ಮನುಷ್ಯರಿಗೆ ಕಾಲೇ ಇಲ್ಲ. ಬಳಸದೆ ಬಳಸದೆ ಉದುರಿಹೋದವು. ಸೊಂಟಕ್ಕೆ ಚಕ್ರ ಕಟ್ಕೊಂಡು ಉರುಳಾಡ್ತಿದೀವಿ.

ಹೆದರಿದ್ರಾ? ಸುಳ್ಳು. ಎರಡು ಕಾಲೂ ಇವೆ. ಒಂದ್ಸಲ ಬೆಚ್ಚಿಬೀಳಿಸೋಣ ಅಂತ ಹೇಳ್ದೆ, ತಪ್ಪಾಯ್ತು. ನೂರಿಪ್ಪತ್ತು ವರ್ಷ ಆಚೆಯಿಂದ ಬರೀತಿದೀನಿ, ಒಂದೆರಡು ಮಾತು ವಿಚಿತ್ರ ಅನ್ನಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ತಾರೀಖು ಮಾತ್ರ ಸರಿಯಾಗೇ ಇದೆ. ಫೆಬ್ರವರಿಗೆ ಅನ್ಯಾಯ ಆಗಿದೆ ಅಂತ ನಾವು ಎರಡು ದಿನ ಸೇರಿಸಿದೀವಿ.

ನಾನು ಚಿಕ್ಕಬಸವಯ್ಯ, ಎಂಬತ್ತೊಂದು ವರ್ಷ. ನಮ್ಮೂರ ಪಿಯು ಕಾಲೇಜಲ್ಲಿ ನಡೆಯೋ ಪ್ರಶ್ನೆಪತ್ರಿಕೆ ಆಗಿದೀನಿ. ಅಂದ್ರೆ ಇಷ್ಟೇ: ದೇಹ-ಚಲನೆ ವಿಜ್ಞಾನ ತಗೊಂಡ ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ ದಿನ ಊರಿನ ಒಬ್ಬ ಮುದುಕನನ್ನ ಬಾಗಿಲಿಂದ ಕಿಟಕಿವರೆಗೆ ನಡೆಸ್ತಾರೆ. ಎಲ್ಲಿ ನೋವು, ಯಾವ ಕೀಲು ಸೋಮಾರಿ, ಮಕ್ಕಳು ಬರೀಬೇಕು. ಇಪ್ಪತ್ತು ವರ್ಷದಿಂದ ಆ ಮುದುಕ ನಾನೇ. ಪ್ರತಿ ವರ್ಷ ಏನಾದ್ರೂ ಒಂದು ಕಿತಾಪತಿ ಮಾಡೇ ಮಾಡ್ತೀನಿ. ನಡೆನುಡಿ ಅಂತೀರಲ್ಲ, ನನ್ನ ನುಡಿ ನಂಬಬೇಡಿ, ನಡೆ ನೋಡಿ ಅಂತಾನೇ ಮಕ್ಕಳಿಗೆ ಹೇಳೋದು.

ನಮ್ಮ ಕಾಲದಲ್ಲಿ ಎಲ್ಲರ ಕಣಕಾಲಿಗೂ ನಡಿಗೆ ಅಳೆದು ಮಾತಾಡೋ ಹೆಜ್ಜೆಕಡಗ ಇರ್ತದೆ. ಬೆಳಿಗ್ಗೆ ಹಾಲು ಬರೋ ಮುಂಚೆ ಅದು ಶುರುಮಾಡ್ತದೆ: ಬಲಮಂಡಿಗೆ ಭಾರ ಜಾಸ್ತಿ, ಇವತ್ತು ಮೆಟ್ಟಿಲು ಬೇಡ. ಬಸ್ಸು ಕೂಡ ಕಡಗದ ಮಾತು ಕೇಳ್ಕೊಂಡೇ ಹತ್ತಿಸ್ಕೊಳ್ಳೋದು. ಹೆಣ್ಣು ನೋಡೋಕೆ ಬಂದೋರು ಜಾತಕ ಕೇಳಲ್ಲ, ಕಡಗದ ಚೀಟಿ ಕೇಳ್ತಾರೆ. ಹಿಂಗಿರೋವಾಗ ಬೆರಳಿಟ್ಟು ನಾಡಿ ಎಣಿಸೋದು, ಬೆನ್ನಿಗೆ ಕಿವಿ ಕೊಟ್ಟು ಉಸಿರು ಕೇಳೋದು, ಇದನ್ನ ಎರಡು ವರ್ಷ ಓದ್ತಾರೆ ಅಂದ್ರೆ ನೆಂಟರು ಬಿಡ್ತಾರಾ? "ನಡೆಯೋದನ್ನ ಓದೋದೇನೇ? ನಮ್ಮ ಎಮ್ಮೆ ಪಿಯುಸಿ ಮಾಡದೇನೇ ನಡೀತದೆ!" ಅಂತ ರಾಚವ್ವನ ಸೋದರಮಾವ ಅಂದಿದ್ನಂತೆ. "ಹೌದು ಮಾವ, ಅದು ಕುಂಟಿದ್ರೆ ಮಾತ್ರ ನನ್ನ ಕರೀತೀಯಲ್ಲ" ಅಂದ್ಲಂತೆ ಇವಳು. ರಾಚವ್ವ ಅಂದ್ರೆ ಈ ಸಲದ ತರಗತಿಯಲ್ಲಿ ಎಲ್ಲರಿಗಿಂತ ಚುರುಕು ಕಣ್ಣಿನ ಹುಡುಗಿ.

ಈ ವರ್ಷ ಮಂಡಿ ಅಂದ್ರೇನು ಅಂತ ಗೊತ್ತಿಲ್ಲದ ನಮ್ಮ ಪಿಯು ಮಂಡಳಿ ಒಂದು ಆದೇಶ ಹೊರಡಿಸ್ತು: ಮಕ್ಕಳು ಕಡಗಕ್ಕಿಂತ ಚೆನ್ನಾಗಿ ನೋಡಿ ತೋರಿಸಲಿ, ಇಲ್ಲಾಂದ್ರೆ ವಿಷಯಾನೇ ಮುಚ್ಚಿ. ಹೋದ ತಿಂಗಳು ಅವರ ಪರೀಕ್ಷಕ ಬಂದ. ನಾನು ಎಡಗಾಲ ಚಪ್ಪಲಿಯೊಳಗೆ ಹುಣಸೇಬೀಜ ಇಟ್ಕೊಂಡು ನಡೆದೆ. ಸೊಂಟದ ಕೀಲು ಸವೆದಿದೆ, ಆಪರೇಷನ್ ಮಾಡಿಸಿ ಅಂತು ಕಡಗ. ರಾಚವ್ವ ಎರಡು ಸಲ ನಡೆಸಿ ನೋಡಿದ್ಲು. "ತಾತ, ಸೊಂಟ ಗಟ್ಟಿಯಾಗಿದೆ. ಚಪ್ಪಲಿ ಬಿಚ್ಚಿ" ಅಂದ್ಲು. ಬೀಜ ಟಣ್ಣಂತ ಬಿತ್ತು. ಮಕ್ಕಳಿಗೆ ಈ ಪಾಠ ಹೇಳೋ ಜಬೀನಾ ಮೇಡಂ ಸೆರಗಲ್ಲಿ ಬಾಯಿ ಮುಚ್ಕೊಂಡು ನಕ್ಕರು. ಗೆದ್ದೆವು ಅಂದ್ಕೊಂಡೆ.

ಹುಡುಗಿ ಅಲ್ಲಿಗೆ ನಿಲ್ಲಿಸಲಿಲ್ಲ. ಬರಿಗಾಲಲ್ಲಿ ಇನ್ನೊಂದ್ಸಲ ನಡೆಸಿದ್ಲು. "ನಿಮ್ಮ ಎಡಗೈ ಬೀಸ್ತಾ ಇಲ್ಲ ತಾತ. ಬಲಗೈ ಆಡ್ತದೆ, ಎಡಗೈ ಅಂಟ್ಕೊಂಡಂಗೆ ಇದೆ. ನರದ ಡಾಕ್ಟರ ಹತ್ರ ಹೋಗಿ" ಅಂದ್ಲು. ಕಾಲಲ್ಲಿರೋ ಕಡಗಕ್ಕೆ ಕೈ ಎಲ್ಲಿ ಕಾಣ್ಬೇಕು? ಎಲ್ಲ ಸರಿಯಾಗಿದೆ ಅಂತು. ಪರೀಕ್ಷಕ ನನ್ನ ಕಡೆ ತಿರುಗಿ, "ನಿಜಾನಾ ತಾತ?" ಅಂದ. ನಾನು ಕೈ ಜೇಬಿಗೆ ಇಳಿಸಿ, "ಇಲ್ಲಪ್ಪ, ಮಗು ಏನೋ ಅಂದಾಜಲ್ಲಿ ಹೇಳ್ತು" ಅಂದೆ. ಅವನು ಬರ್ಕೊಂಡ: ಒಂದು ಸರಿ, ಒಂದು ತಪ್ಪು, ಬರೀ ಊಹೆ. ರಾಚವ್ವನ ಅಂಕ ತಡೆದ್ರು. ವಿಷಯ ಮುಚ್ಚೋ ಕಡತ ಮೇಲಕ್ಕೆ ಹೋಯ್ತು.

ನಾಳೆ ಮಂಡಳಿ ಕೂರ್ತದೆ. ಮುದುಕರಿಗೆ ಪ್ರವೇಶ ಇಲ್ಲ ಅಂತ ಹೇಳಿಕಳಿಸಿದಾರೆ. ಕಡಗ ಬಿಚ್ಚಿ ನೀರಿನ ಹಂಡೆಗೆ ಹಾಕಿದೀನಿ, ಅಲ್ಲೇ ಎಣಿಸ್ತಾ ಇರಲಿ. ಬಸ್ಸು ಹತ್ತಿಸ್ಕೊಳ್ಳದಿದ್ರೆ ನಡೆದೇ ಹೋಗ್ತೀನಿ. ಗೇಟಲ್ಲಿ ತಡೆದ್ರೆ ಗೇಟಿನ ಮುಂದೇನೇ, ಎರಡೂ ಕೈ ಇಳಿಬಿಟ್ಟು, ಒಬ್ಬೊಬ್ಬ ಸದಸ್ಯನೂ ಹೊರಗೆ ಬಂದು ನೋಡೋವರೆಗೂ ನಡೀತೀನಿ. ಕಣ್ಣಿದ್ದೋರು ಕಣ್ಣಲ್ಲೇ ನೋಡಲಿ.

ನಿಮ್ಮನ್ನೂ ಯಾರಾದ್ರೂ ಆಡ್ಕೊಂಡ್ರೆ ಆರಿಸ್ಕೊಂಡ ವಿಷಯ ಬದಲಾಯಿಸಬೇಡಿ. ಇವತ್ತು ಸಂಜೆ ನಿಮ್ಮ ಅಮ್ಮ ಅಡುಗೆಮನೆಯಿಂದ ಬಾಗಿಲಿಗೆ ನಡೆಯೋದನ್ನ ಒಂದ್ಸಲ ಸುಮ್ಮನೆ ನೋಡಿ. ಬೇರೇನೂ ಕೇಳಲ್ಲ.

ಇಷ್ಟು ವರ್ಷ ಕುಂಟಿದ್ದು, ತೂಗಾಡಿದ್ದು, ಬಿದ್ದಂಗೆ ಮಾಡಿದ್ದು ಎಲ್ಲ ಆಟ. ಒಂದು ಮಾತ್ರ ಆಟ ಅಲ್ಲ. ಒಂದು ವರ್ಷದಿಂದ ನನ್ನ ಎಡಗೈ ಬೀಸ್ತಿಲ್ಲ, ಅದು ನನಗೆ ಗೊತ್ತಿತ್ತು. ಆ ಹುಡುಗಿ ಕಂಡು ಹೇಳಿದಾಗ ಹೆದರ್ಕೊಂಡು ಇಲ್ಲ ಅಂದೆ.

ಚಿಕ್ಕಬಸವಯ್ಯ